ಸೋಲಾರ್ ಪ್ಯಾನಲ್ ಗಾಜಿನಲ್ಲಿ ವಿಷ ಇದೆಯಾ? ಮಳೆನೀರಿನ ಭಯ ಮತ್ತು ಆಂಟಿಮನಿಯ ಅಸಲಿ ಕಥೆ

"ತಾರಸಿ ಮೇಲೆ ಸೋಲಾರ್ ಪ್ಯಾನಲ್ ಇದ್ದರೆ ಮಳೆನೀರು ಹಿಡಿಯಬೇಡಿ. ಗಾಜಿನಲ್ಲಿರುವ ವಿಷ ಸಂಪಿಗೆ ಸೇರುತ್ತೆ, ಕ್ಯಾನ್ಸರ್ ಬರುತ್ತೆ. ಎಲ್ಲರಿಗೂ ಕಳಿಸಿ." ಇಂಥದೊಂದು ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು ಅಂದುಕೊಳ್ಳಿ. ಕೆಲವರು ಹೆದರಿ ಮುಂದಕ್ಕೆ ಕಳಿಸುತ್ತಾರೆ. ಕೆಲವರು "ಇದೆಲ್ಲ ಸುಳ್ಳು" ಎಂದು ಅಳಿಸಿಬಿಡುತ್ತಾರೆ. ಈ ವಿಷಯದಲ್ಲಿ ಎರಡೂ ಪೂರ್ತಿ ಸರಿಯಲ್ಲ.

ಒಂದೇ ಮಾತಿನಲ್ಲಿ ಉತ್ತರ ಬೇಕು ಎನ್ನುವವರಿಗೆ: ಬಹುತೇಕ ಸೋಲಾರ್ ಪ್ಯಾನಲ್‌ಗಳ ಗಾಜಿನಲ್ಲಿ ಆಂಟಿಮನಿ ಎಂಬ ವಿಷಕಾರಿ ಧಾತು ಸ್ವಲ್ಪ ಪ್ರಮಾಣದಲ್ಲಿ ಇರುವುದು ನಿಜ. ಅದು ನಿಮ್ಮ ಮಳೆನೀರಿಗೆ ಇಳಿದು ಕಾಯಿಲೆ ತರುತ್ತದೆ ಎನ್ನುವುದು ನಿಜವಲ್ಲ. ಅಪಾಯ ಇರುವುದು ಆ ಗಾಜು ಹುಟ್ಟುವ ಕಾರ್ಖಾನೆಯಲ್ಲಿ, ಮತ್ತು ಅದು ಹಾಳಾದ ಮೇಲೆ ಹೋಗಿ ಬೀಳುವ ಜಾಗದಲ್ಲಿ. ಆ ಧಾತುವನ್ನು ಗಾಜಿನಿಂದ ದೂರ ಇಡುವ ದಾರಿ ಈಗಾಗಲೇ ಇದೆ. ಅದನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲೇ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಕರೆಂಟು ತಯಾರಿಸುವ ಸೋಲಾರ್ ಪ್ಯಾನಲ್ ಬಗ್ಗೆ. ಸ್ನಾನದ ನೀರು ಕಾಯಿಸುವ ಸೋಲಾರ್ ವಾಟರ್ ಹೀಟರ್‌ನ ಕೊಳವೆಗಳ ಗಾಜೇ ಬೇರೆ, ಅದು ಈ ಲೇಖನದ ವಿಷಯ ಅಲ್ಲ.

ಆಂಟಿಮನಿ ಅಂದರೆ ಏನು?

ಆಂಟಿಮನಿ ಒಂದು ಧಾತು. ಬೆಳ್ಳಿಯಂತೆ ಹೊಳೆಯುತ್ತದೆ, ಆದರೆ ಸುತ್ತಿಗೆಯಿಂದ ಬಡಿದರೆ ಪುಡಿಯಾಗುತ್ತದೆ. ಧಾತುಗಳ ಪಟ್ಟಿಯಲ್ಲಿ ಇದರ ಸಂಖ್ಯೆ 51, ಆರ್ಸೆನಿಕ್‌ನ ಕೆಳಗಿನ ಮನೆ. ಬೆಂಕಿ ಬೇಗ ಹತ್ತದಂತೆ ಪ್ಲಾಸ್ಟಿಕ್ಕಿಗೆ ಬೆರೆಸಲು, ಬ್ಯಾಟರಿಯ ಸೀಸವನ್ನು ಗಟ್ಟಿ ಮಾಡಲು, ನಾವು ನೀರು ಕುಡಿಯುವ ಪೆಟ್ ಬಾಟಲಿಯ ಪ್ಲಾಸ್ಟಿಕ್ ತಯಾರಿಸಲು ಇದನ್ನು ಬಳಸುತ್ತಾರೆ.

ಇದು ವಿಷವೇ? ಯಾವ ರೂಪದಲ್ಲಿ, ಎಷ್ಟು, ಯಾವ ದಾರಿಯಲ್ಲಿ ದೇಹಕ್ಕೆ ಹೋಗುತ್ತದೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 1920ರ ದಶಕದಲ್ಲಿ ಕೋಲ್ಕತ್ತಾದ ವೈದ್ಯ ಉಪೇಂದ್ರನಾಥ ಬ್ರಹ್ಮಚಾರಿ ಅವರು ಆಂಟಿಮನಿಯಿಂದ ಮಾಡಿದ ಯೂರಿಯಾ ಸ್ಟಿಬಮೈನ್ ಎಂಬ ಔಷಧಿ ಕಾಲಾ ಆಜಾರ್ ರೋಗಿಗಳ ಜೀವ ಉಳಿಸಿತು. ಅದೇ ಧಾತುವಿನ ಬೇರೆ ರೂಪವಾದ ಆಂಟಿಮನಿ ಟ್ರೈಆಕ್ಸೈಡ್ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಹಾನಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಈ ರೂಪದ ಆಂಟಿಮನಿಯನ್ನು "ಬಹುಶಃ ಕ್ಯಾನ್ಸರ್ ತರಬಲ್ಲದು" ಎಂಬ 2ಎ ಗುಂಪಿಗೆ ಸೇರಿಸಿತು. ಫಾರ್ವರ್ಡ್‌ಗಳಲ್ಲಿ ಓಡಾಡುವುದು ಈ ಸಾಲು. ಇದರ ಅರ್ಥ ಸ್ವಲ್ಪ ತಿಳಿದುಕೊಳ್ಳಿ. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಮುಟ್ಟಿದರೆ ಎಷ್ಟು ಅಪಾಯ ಎಂಬುದನ್ನಲ್ಲ. ಕುರಿ ಮಾಂಸದಂಥ ಕೆಂಪು ಮಾಂಸವೂ ಇದೇ 2ಎ ಗುಂಪಿನಲ್ಲಿದೆ.

ಗಾಜಿಗೆ ಅದನ್ನು ಯಾಕೆ ಹಾಕುತ್ತಾರೆ?

ಎರಡು ಕಾರಣ: ಗುಳ್ಳೆ ಮತ್ತು ಹಸಿರು ಬಣ್ಣ.

ಗಾಜು ಮಾಡಲು ಮರಳು, ಸೋಡಾ ಪುಡಿ, ಸುಣ್ಣದ ಕಲ್ಲು ಇವನ್ನೆಲ್ಲ ಬೆರೆಸಿ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸುತ್ತಾರೆ. ಕರಗುವಾಗ ಅನಿಲ ಹುಟ್ಟಿ ಲಕ್ಷಾಂತರ ಸಣ್ಣ ಗುಳ್ಳೆಗಳಾಗುತ್ತವೆ. ಬೆಲ್ಲದ ಪಾಕ ಗಟ್ಟಿಯಾದಂತೆ ಒಳಗಿನ ಗುಳ್ಳೆ ಮೇಲೆ ಬರಲು ಒದ್ದಾಡುತ್ತದಲ್ಲ, ಹಾಗೇ ಇಲ್ಲಿಯೂ. ಆಂಟಿಮನಿ ಈ ಕೆಲಸಕ್ಕೆ ಒಳ್ಳೆಯ ಆಳು. ಬಿಸಿ ಕಡಿಮೆ ಇದ್ದಾಗ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿ ಹೆಚ್ಚಾದಾಗ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟ ಆಮ್ಲಜನಕ ಸೇರಿ ಗುಳ್ಳೆಗಳು ದೊಡ್ಡದಾಗುತ್ತವೆ. ದೊಡ್ಡ ಗುಳ್ಳೆ ಬೇಗ ಮೇಲೇರುತ್ತದೆ, ದಾರಿಯಲ್ಲಿ ಸಿಕ್ಕ ಸಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಗಾಜು ತಿಳಿಯಾಗುತ್ತದೆ.

ಇನ್ನು ಬಣ್ಣ. ನಿಮ್ಮ ಮನೆಯ ಕಿಟಕಿ ಗಾಜಿನ ಅಂಚನ್ನು ಪಕ್ಕದಿಂದ ನೋಡಿ, ಹಸಿರಾಗಿ ಕಾಣುತ್ತದೆ. ಅದು ಮರಳಿನಲ್ಲಿದ್ದ ಕಬ್ಬಿಣದ ಬಣ್ಣ. ಕಬ್ಬಿಣದ ಒಂದು ರೂಪ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಸೋಲಾರ್ ಸೆಲ್ ಕರೆಂಟು ಮಾಡುವುದಕ್ಕೆ ಆ ಬೆಳಕಿನ ಒಂದು ಭಾಗವೂ ಬೇಕು. ಆದ್ದರಿಂದ ಸೋಲಾರ್ ಗಾಜಿಗೆ ಕಬ್ಬಿಣ ತೀರಾ ಕಡಿಮೆ ಇರುವ ಮರಳನ್ನು ಆರಿಸುತ್ತಾರೆ. ಉಳಿದ ಚೂರುಪಾರು ಕಬ್ಬಿಣವನ್ನು ಬೆಳಕು ಕಡಿಮೆ ಹೀರುವ ಇನ್ನೊಂದು ರೂಪಕ್ಕೆ ತಿರುಗಿಸಲು ಆಂಟಿಮನಿ ನೆರವಾಗುತ್ತದೆ. ಬೆಳಕು ಹೆಚ್ಚು ದಾಟಿದಷ್ಟೂ ಕರೆಂಟು ಹೆಚ್ಚು.

ಅಂದರೆ ಯಾರೋ ಕಲಬೆರಕೆ ಮಾಡಿ ವಿಷ ಬೆರೆಸಿದ್ದಲ್ಲ. ಪ್ಯಾನಲ್ ಚೆನ್ನಾಗಿ ಕೆಲಸ ಮಾಡಲಿ ಎಂದೇ ಹಾಕಿದ್ದು.

ಒಂದು ಪ್ಯಾನಲ್‌ನಲ್ಲಿ ಎಷ್ಟಿರುತ್ತದೆ?

ಈ ಬಗೆಯ ಗಾಜಿನಲ್ಲಿ ಆಂಟಿಮನಿ ಸಾಮಾನ್ಯವಾಗಿ ತೂಕದ ಶೇ 0.2ರಿಂದ 0.3ರಷ್ಟು. ಎರಡು ಚದರ ಮೀಟರ್ ಅಳತೆಯ, 3.2 ಮಿಲಿಮೀಟರ್ ದಪ್ಪದ ಗಾಜು ಸುಮಾರು 16 ಕೆಜಿ ತೂಗುತ್ತದೆ. ಲೆಕ್ಕ ಹಾಕಿದರೆ ಒಂದು ಪ್ಯಾನಲ್‌ಗೆ 30ರಿಂದ 50 ಗ್ರಾಂ ಆಂಟಿಮನಿ.

ಹೋಲಿಕೆಗೆ ಹೇಳುವುದಾದರೆ, ಪೆಟ್ ಬಾಟಲಿಯ ಒಂದು ಕೆಜಿ ಪ್ಲಾಸ್ಟಿಕ್‌ನಲ್ಲಿ ಸುಮಾರು 200ರಿಂದ 300 ಮಿಲಿಗ್ರಾಂ ಆಂಟಿಮನಿ ಇರುತ್ತದೆ. ಸೋಲಾರ್ ಗಾಜಿನಲ್ಲಿ ಅದರ ಹತ್ತು ಪಟ್ಟು. ಕೇಳಲು ಗಾಬರಿಯಾಗುತ್ತದೆ. ಆದರೆ ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ, ಎಷ್ಟು ಹೊರಗೆ ಬರುತ್ತದೆ ಎನ್ನುವುದು ಬೇರೆಯದೇ ಪ್ರಶ್ನೆ.

ಹಾಗಾದರೆ ಮಳೆನೀರಿಗೆ ಬರುವುದಿಲ್ಲವೇ?

ಗಾಜಿನ ಬಳೆಯನ್ನು ನೆನಪಿಸಿಕೊಳ್ಳಿ. ಅದರ ಹಸಿರು ಅಥವಾ ನೀಲಿ ಬಣ್ಣ ಮೇಲೆ ಬಳಿದದ್ದಲ್ಲ, ಗಾಜಿನ ಒಳಗೇ ಬೆರೆತದ್ದು. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ದಿನಕ್ಕೆ ಎಷ್ಟೋ ಸಲ ಸೋಪಿನ ನೀರಿನಲ್ಲಿ ಮುಳುಗಿದರೂ ಆ ಬಣ್ಣ ಬಿಡುವುದಿಲ್ಲ. ಪ್ಯಾನಲ್ ಗಾಜಿನಲ್ಲಿ ಆಂಟಿಮನಿ ಇರುವುದೂ ಹಾಗೆಯೇ. ಕರಗಿದ ಗಾಜು ತಣ್ಣಗಾದಾಗ ಅದರ ಪರಮಾಣುಗಳು ಮರಳಿನ ಸಿಲಿಕಾ ಜಾಲದೊಳಗೆ ಸಿಕ್ಕಿಕೊಂಡು ಗಟ್ಟಿಯಾಗಿರುತ್ತವೆ. ಅದರ ಮೇಲೆ ಬಹುತೇಕ ಪ್ಯಾನಲ್‌ಗಳಲ್ಲಿ ಬೆಳಕು ಪ್ರತಿಫಲಿಸದಿರಲೆಂದು ಒಂದು ತೆಳು ಲೇಪವೂ ಇರುತ್ತದೆ. ಇಳಿಜಾರಾಗಿ ಕೂರಿಸಿದ ಗಾಜಿನ ಮೇಲೆ ಮಳೆನೀರು ನಿಲ್ಲುವುದು ಎಷ್ಟು ಹೊತ್ತು? ಹರಿದುಹೋಗಿಬಿಡುತ್ತದೆ.

ತಾರಸಿಯ ಮಳೆನೀರಿನ ವಿಷಯದಲ್ಲಿ ನೀವು ತಲೆಕೆಡಿಸಿಕೊಳ್ಳಬೇಕಾದ್ದು ಬೇರೆ: ಪಾರಿವಾಳದ ಹಿಕ್ಕೆ, ಕೊಳೆತ ಎಲೆ, ರಸ್ತೆಯ ಧೂಳು. ಪ್ಯಾನಲ್ ಇರಲಿ, ಬಿಡಲಿ, ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಸೋಸಿ ಸಂಪಿಗೆ ಬಿಡಿ. ಕುಡಿಯುವುದಾದರೆ ಶುದ್ಧೀಕರಿಸಿ ಕುಡಿಯಿರಿ. ಪ್ಯಾನಲ್ ಹೆದರಿಕೆಯಿಂದ ಮಳೆನೀರು ಕೊಯ್ಲನ್ನೇ ನಿಲ್ಲಿಸಿದರೆ ನಷ್ಟ ನಮಗೇ.

ಮತ್ತೆ ಅಪಾಯ ಎಲ್ಲಿದೆ?

ಮೊದಲನೆಯದು ಗಾಜಿನ ಕಾರ್ಖಾನೆಯಲ್ಲಿ. ಕುಲುಮೆಗೆ ಹಾಕುವ ಮೊದಲು ಆಂಟಿಮನಿ ಪುಡಿಯ ರೂಪದಲ್ಲಿ ಇರುತ್ತದೆ. ಅದನ್ನು ತೂಗುವ, ಬೆರೆಸುವ, ಕುಲುಮೆಯ ಧೂಳು ತೆಗೆಯುವ ಕಾರ್ಮಿಕರಿಗೆ ಅದು ಮೂಗಿನ ದಾರಿಯಲ್ಲಿ ಸೇರಬಹುದು. 2ಎ ಗುಂಪಿನ ಎಚ್ಚರಿಕೆ ಮುಖ್ಯವಾಗಿ ಅನ್ವಯಿಸುವುದು ಇಂಥವರಿಗೆ. ಅದಿರು ಅಗೆಯುವ, ಕರಗಿಸುವ ಜಾಗಗಳಲ್ಲೂ ಇದೇ ಸಮಸ್ಯೆ.

ಎರಡನೆಯದು ಪ್ಯಾನಲ್ ಸತ್ತ ಮೇಲೆ. ಪ್ಯಾನಲ್ ಸಾಮಾನ್ಯವಾಗಿ 25–30 ವರ್ಷ ಬಾಳುತ್ತದೆ. ಆಮೇಲೆ ಅದು ಗುಜರಿಗೆ ಹೋಯಿತು ಎನ್ನಿ. ಗುಜರಿಯವರಿಗೆ ಬೇಕಾದದ್ದು ಸುತ್ತಲಿನ ಅಲ್ಯುಮಿನಿಯಂ ಚೌಕಟ್ಟು ಮತ್ತು ತಾಮ್ರದ ವೈರು. ಪ್ಯಾನಲ್ ತೂಕದ ಮುಕ್ಕಾಲು ಪಾಲಿನಷ್ಟು ಗಾಜೇ ಆದರೂ ಅದಕ್ಕೆ ಬೆಲೆ ಇಲ್ಲ. ಒಡೆದು ಎಲ್ಲೋ ಸುರಿಯುತ್ತಾರೆ. ಗಾಜು ನುಣ್ಣಗೆ ಪುಡಿಯಾದಷ್ಟೂ ನೀರಿಗೆ ತಾಕುವ ಮೈ ಹೆಚ್ಚಾಗುತ್ತದೆ. ಕಸದ ರಾಶಿಯಿಂದ ಇಳಿಯುವ ಕೊಳಕು ನೀರು ವರ್ಷಗಟ್ಟಲೆ ಅದನ್ನು ನೆನೆಸುತ್ತದೆ. ಆಗ ಸ್ವಲ್ಪ ಸ್ವಲ್ಪವಾಗಿ ಆಂಟಿಮನಿ ಮಣ್ಣಿಗೆ, ಅಂತರ್ಜಲಕ್ಕೆ ಇಳಿಯುವ ಸಾಧ್ಯತೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 20 ಮೈಕ್ರೊಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಅದೇ ಪ್ಯಾನಲ್‌ನ ಬೆಸುಗೆಯಲ್ಲಿ ಸೀಸವೂ ಇರುತ್ತದೆ, ಅದೂ ಹೀಗೆಯೇ ಹೊರಬರಬಹುದು.

ಮರುಬಳಕೆ ಮಾಡಿದರೆ ಆಯಿತಲ್ಲ?

ಅಲ್ಲೇ ಇರುವುದು ತೊಡಕು. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಹೊಸದು ಮಾಡಬಹುದು. ಕುಲುಮೆಗೆ ಶೇ 10ರಷ್ಟು ಹಳೆಯ ಗಾಜಿನ ಚೂರು ಸೇರಿಸಿದರೆ ಇಂಧನ ಸುಮಾರು ಶೇ 2.5ರಿಂದ 3ರಷ್ಟು ಉಳಿಯುತ್ತದೆ. ಹಾಗಿದ್ದರೂ ಸೋಲಾರ್ ಗಾಜಿನ ಚೂರು ಎಂದರೆ ಬೇರೆ ಗಾಜಿನ ಕಾರ್ಖಾನೆಗಳು ಹಿಂದೆ ಸರಿಯುತ್ತವೆ.

ಕಾರಣ ಹೀಗಿದೆ. ಕಿಟಕಿ, ಕಾರುಗಳ ಗಾಜನ್ನು ಇಂದು ಫ್ಲೋಟ್ ಎಂಬ ವಿಧಾನದಲ್ಲಿ ಮಾಡುತ್ತಾರೆ. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ತೇಲಿಬಿಡುತ್ತಾರೆ, ಅದು ಸಮತಟ್ಟಾಗಿ ಹರಡಿ ನುಣುಪಾದ ಹಾಳೆಯಾಗುತ್ತದೆ. ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಲೋಕಕ್ಕೆ ತಿಳಿಸಿದ ವಿಧಾನ ಇದು. ಆ ತವರದ ಕೊಳಕ್ಕೆ ಆಂಟಿಮನಿ ಇರುವ ಗಾಜು ಬಿದ್ದರೆ ಆಂಟಿಮನಿ ಲೋಹವಾಗಿ ಬೇರ್ಪಟ್ಟು ಗಾಜಿನ ಮೇಲೆ ಬೂದು ಮಬ್ಬು ಕೂರುತ್ತದೆ. ಇಡೀ ಸಾಲು ಹಾಳು. ಆಹಾರ ತುಂಬುವ ಬಾಟಲಿಗಳನ್ನು ಮಾಡುವವರಿಗೂ ಆಂಟಿಮನಿ ಬೇಡ.

ಹೀಗಾಗಿ ಒಳ್ಳೆಯ ಗುಣಮಟ್ಟದ ಗಾಜು ಕೊನೆಗೆ ರಸ್ತೆ ಕೆಲಸಕ್ಕೋ ಫೋಮ್ ಗಾಜಿಗೋ ಹೋಗುತ್ತದೆ, ಇಲ್ಲವಾದರೆ ನೆಲ ತುಂಬುತ್ತದೆ. 16 ಕೆಜಿ ಗಾಜಿನ ದಾರಿಗೆ ಅಡ್ಡ ನಿಂತಿರುವುದು ಅದರೊಳಗಿನ 30–50 ಗ್ರಾಂ ಆಂಟಿಮನಿ.

ಅದನ್ನು ತೆಗೆದುಹಾಕಬಹುದೇ?

ಒಮ್ಮೆ ಬೆರೆತದ್ದನ್ನು ಬೇರ್ಪಡಿಸುವುದು ಬಹಳ ಕಷ್ಟ. ಕಲಸಿದ ಹಿಟ್ಟಿನಿಂದ ಉಪ್ಪನ್ನು ಆರಿಸಿದ ಹಾಗೆ. ಮತ್ತೆ ಕರಗಿಸಿ ರಾಸಾಯನಿಕವಾಗಿ ತೆಗೆಯುವುದು ದುಬಾರಿ. ಸುಲಭದ ದಾರಿ ಎಂದರೆ ಮೊದಲೇ ಹಾಕದಿರುವುದು.

ಹಾಗೆ ಮಾಡಲು ಕನಿಷ್ಠ ಎರಡು ದಾರಿಗಳಿವೆ.

ಒಂದು, ಫ್ಲೋಟ್ ವಿಧಾನದಲ್ಲೇ ಸೋಲಾರ್ ಗಾಜು ಮಾಡುವುದು. ಅಲ್ಲಿ ಗುಳ್ಳೆ ತೆಗೆಯಲು ಆಂಟಿಮನಿ ಬದಲು ಸೋಡಿಯಂ ಸಲ್ಫೇಟ್ ಎಂಬ ಲವಣ ಹಾಕುತ್ತಾರೆ. ಅದು ಅಗ್ಗ, ಅಷ್ಟು ವಿಷಕಾರಿಯೂ ಅಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಬಗೆಯ ತೆಳುಪದರದ ಪ್ಯಾನಲ್‌ಗಳು ಫ್ಲೋಟ್ ಗಾಜನ್ನೇ ಬಳಸುತ್ತವೆ.

ಎರಡು, ಈಗಿನ ವಿಧಾನದಲ್ಲೇ ಪಾಕ ಬದಲಿಸುವುದು. ನಮ್ಮ ತಾರಸಿಗಳಲ್ಲಿ ಸಾಮಾನ್ಯವಾಗಿರುವ ಸಿಲಿಕಾನ್ ಪ್ಯಾನಲ್‌ಗಳ ಗಾಜನ್ನು ಎರಡು ಉರುಳೆಗಳ ನಡುವೆ ಹಾಯಿಸಿ ಮಾಡುತ್ತಾರೆ. ಆಗ ಮೈಮೇಲೆ ಸಣ್ಣ ಉಬ್ಬುತಗ್ಗಿನ ಚಿತ್ತಾರ ಮೂಡುತ್ತದೆ. ಆಂಟಿಮನಿ ಬಳಕೆ ಹೆಚ್ಚಿರುವುದು ಈ ಬಗೆಯ ಗಾಜಿನಲ್ಲಿ. ಗುಜರಾತಿನ ಭರೂಚ್ ಜಿಲ್ಲೆಯಲ್ಲಿ ಕಾರ್ಖಾನೆ ಇರುವ ಬೊರೊಸಿಲ್ ರಿನ್ಯೂವಬಲ್ಸ್ ಕಂಪನಿ ಆಂಟಿಮನಿ ಇಲ್ಲದ ಚಿತ್ತಾರದ ಸೋಲಾರ್ ಗಾಜನ್ನು ಮಾರುಕಟ್ಟೆಗೆ ತಂದಿದೆ. ಈ ಬಗೆಯಲ್ಲಿ ಜಗತ್ತಿನಲ್ಲೇ ಮೊದಲನೆಯದು ಎಂದು ಅದು ಹೇಳಿಕೊಳ್ಳುತ್ತದೆ. ಅಂದರೆ ಇದು ಎಲ್ಲೋ ಪ್ರಯೋಗಾಲಯದಲ್ಲಿ ಮಾತ್ರ ಇರುವ ಕನಸಲ್ಲ, ನಮ್ಮ ದೇಶದಲ್ಲೇ ಆಗಿರುವ ಕೆಲಸ.

ಹಾಗಿದ್ದರೆ ಎಲ್ಲರೂ ಯಾಕೆ ಬಿಟ್ಟಿಲ್ಲ?

ಪಾಕ ಬದಲಿಸಿದರೆ ಗುಳ್ಳೆ ಹೋಗಲು ಕುಲುಮೆಯ ಬಿಸಿ, ಸಮಯ, ಕಬ್ಬಿಣದ ಪ್ರಮಾಣ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಕುಲುಮೆಯನ್ನು ವರ್ಷಗಟ್ಟಲೆ ಆರಿಸದೆ ಉರಿಸುವುದರಿಂದ ಪ್ರಯೋಗ ಮಾಡುವುದೂ ಸುಲಭವಲ್ಲ. ಗಾಜಿನಲ್ಲಿ ಬೆಳಕು ಅರ್ಧ ಶೇಕಡಾ ಕಡಿಮೆ ದಾಟಿದರೂ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಸೀರಿಯಂ ಎಂಬ ಇನ್ನೊಂದು ಧಾತುವನ್ನು ಹಿಂದೆ ಬಳಸಿ ನೋಡಿದ್ದರು. ಬಿಸಿಲಿಗೆ ಒಡ್ಡಿದಾಗ ಅಂಥ ಗಾಜಿನ ಪಾರದರ್ಶಕತೆ ಸ್ವಲ್ಪ ಇಳಿಯಿತು. ಬದಲಿ ಎಂದು ಬಂದದ್ದೆಲ್ಲ ಸರಿಹೋಗುವುದಿಲ್ಲ.

ಈಗ ಹಣದ ಲೆಕ್ಕವೂ ಬದಲಾಗುತ್ತಿದೆ. ಗಣಿಯಿಂದ ಬರುವ ಆಂಟಿಮನಿಯಲ್ಲಿ ಸುಮಾರು ಅರ್ಧ ಚೀನಾದ್ದು. 2024ರ ಸೆಪ್ಟೆಂಬರ್ 15ರಿಂದ ಚೀನಾ ಅದರ ರಫ್ತಿಗೆ ನಿರ್ಬಂಧ ಹಾಕಿತು. ಆ ವರ್ಷದ ಕೊನೆಗೆ ಬೆಲೆ ವರ್ಷದ ಆರಂಭಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಯಿತು. ಆರೋಗ್ಯದ ಕಾರಣಕ್ಕೆ ಬಿಡದವರೂ ಬೆಲೆಯ ಕಾರಣಕ್ಕೆ ಯೋಚಿಸುವಂತಾಗಿದೆ.

ಕರ್ನಾಟಕಕ್ಕೆ ಇದು ಯಾಕೆ ಮುಖ್ಯ?

ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವಾಟ್ ಸಾಮರ್ಥ್ಯದ್ದು. ತಿರುಮಣಿ, ವಳ್ಳೂರು ಸುತ್ತಮುತ್ತಲ ಸುಮಾರು 13,000 ಎಕರೆಯಲ್ಲಿ ಹರಡಿದೆ. 2018ರಲ್ಲಿ ಶುರುವಾಯಿತು. ಅಲ್ಲಿನ ಜಮೀನನ್ನು ರೈತರು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಅಂದರೆ ಗುತ್ತಿಗೆ ಮುಗಿದ ಮೇಲೆ ಆ ಮಣ್ಣು ಮತ್ತೆ ಅವರ ಮಕ್ಕಳ ಕೈಗೆ ಬರಬೇಕು.

ಒಂದು ಅಂದಾಜು ಲೆಕ್ಕ ಮಾಡೋಣ. ಒಂದು ಪ್ಯಾನಲ್ 320 ವ್ಯಾಟ್, ಅದರಲ್ಲಿ 15 ಕೆಜಿ ಗಾಜು, ಎಲ್ಲವೂ ಆಂಟಿಮನಿ ಹಾಕಿದ್ದೇ ಎಂದಿಟ್ಟುಕೊಳ್ಳಿ. 2,050 ಮೆಗಾವಾಟ್‌ಗೆ ಸುಮಾರು 64 ಲಕ್ಷ ಪ್ಯಾನಲ್, 96,000 ಟನ್ ಗಾಜು, ಶೇ 0.2ರಂತೆ 190 ಟನ್‌ನಷ್ಟು ಆಂಟಿಮನಿ. ಪ್ಯಾನಲ್‌ಗಳು ನಿಂತಿರುವ ತನಕ ಇದರಿಂದ ತೊಂದರೆ ಇಲ್ಲ. ಇಳಿಸುವ ದಿನ ಅವು ಒಡೆಯದೆ ಹೊರಗೆ ಹೋಗುತ್ತವೋ, ಅಲ್ಲೇ ಪುಡಿಯಾಗಿ ಉಳಿಯುತ್ತವೋ ಎನ್ನುವುದೇ ಪ್ರಶ್ನೆ. ಮಳೆಯೇ ಕಡಿಮೆ ಇರುವ ತಾಲ್ಲೂಕು ಅದು, ಅಲ್ಲಿ ಕೊಳವೆಬಾವಿಯ ನೀರೇ ಆಧಾರ.

ದೆಹಲಿಯ ಸಿಇಇಡಬ್ಲ್ಯೂ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2023ರ ಮಾರ್ಚ್ ವೇಳೆಗೆ ದೇಶದಲ್ಲಿ ಹಾಕಿದ್ದ ಪ್ಯಾನಲ್‌ಗಳಿಂದಲೇ 2030ರ ಹೊತ್ತಿಗೆ 3.4 ಲಕ್ಷ ಟನ್ ಸೋಲಾರ್ ತ್ಯಾಜ್ಯ ಬರಲಿದೆ. ಅದರಲ್ಲಿ ಶೇ 67ರಷ್ಟು ಐದು ರಾಜ್ಯಗಳಲ್ಲಿ, ಕರ್ನಾಟಕ ಅವುಗಳಲ್ಲಿ ಒಂದು.

ಕಾನೂನು ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನಲ್‌ಗಳೂ ಸೇರಿವೆ. ತಯಾರಕರು ನೋಂದಣಿ ಮಾಡಿಸಬೇಕು, 2034–35ರವರೆಗೆ ಹುಟ್ಟುವ ಪ್ಯಾನಲ್ ತ್ಯಾಜ್ಯವನ್ನು ಮಾರ್ಗಸೂಚಿಯಂತೆ ಸಂಗ್ರಹಿಸಿಡಬೇಕು. ಇವತ್ತು ಆಂಟಿಮನಿ ಇಲ್ಲದ ಗಾಜು ಹಾಕಿದರೆ ಅದರ ಫಲ ಸಿಗುವುದು 25 ವರ್ಷದ ಮೇಲೆ. ಅದಕ್ಕೇ ಈ ಮಾತು ಈಗಲೇ ಆಡಬೇಕಾದ್ದು.

ನಿಮ್ಮ ಮನೆಯಲ್ಲಿ ಏನು ಮಾಡಬೇಕು?

- ಹೆದರಿ ಪ್ಯಾನಲ್ ತೆಗೆಸಬೇಡಿ. ತಾರಸಿಯ ಮೇಲೆ ಸರಿಯಾಗಿ ಕುಳಿತ ಪ್ಯಾನಲ್‌ನ ಗಾಜಿನಿಂದ ನಿಮಗೆ ಆಂಟಿಮನಿಯ ಅಪಾಯ ಇಲ್ಲ.
- ತೊಳೆಯಲು ಬರೀ ನೀರು, ಮೆತ್ತನೆ ಬಟ್ಟೆ ಸಾಕು. ಆಸಿಡ್, ಉಜ್ಜುವ ಪುಡಿ ಬೇಡ, ಮೇಲಿನ ಲೇಪ ಹಾಳಾಗುತ್ತದೆ.
- ತೆಂಗಿನಕಾಯಿ ಬಿದ್ದೋ ಕೋತಿ ಕುಣಿದೋ ಗಾಜು ಒಡೆದರೆ ಕೈ ಹಾಕಬೇಡಿ. ಬಿಸಿಲಿರುವ ತನಕ ಒಡೆದ ಪ್ಯಾನಲ್‌ನಲ್ಲೂ ಕರೆಂಟು ಇರುತ್ತದೆ. ಕೂರಿಸಿದವರನ್ನೇ ಕರೆಸಿ.
- ಹಳೆಯ ಪ್ಯಾನಲ್ ಗುಜರಿಗೆ ಕೊಡಬೇಡಿ, ಸುಡಬೇಡಿ, ಹಿತ್ತಿಲಲ್ಲಿ ಹೂಳಬೇಡಿ. ಮಾರಿದ ಕಂಪನಿಗೆ ಅಥವಾ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ಬಿಲ್ಲು, ವಾರಂಟಿ ಕಾಗದ ಎತ್ತಿಡಿ.
- ಹೊಸದು ಹಾಕಿಸುವವರು ಎರಡು ಪ್ರಶ್ನೆ ಕೇಳಿ: "ಗಾಜು ಆಂಟಿಮನಿ ಇಲ್ಲದ್ದಾ? ಹಾಳಾದ ಮೇಲೆ ವಾಪಸ್ ತಗೊಳ್ತೀರಾ?" ಮಾರುವವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಕೇಳುವವರು ಹೆಚ್ಚಾದರೆ ತಿಳಿದುಕೊಳ್ಳುತ್ತಾರೆ.

ಗ್ರೂಪಿಗೆ ಕಳಿಸಲು

ಆ ಮಳೆನೀರಿನ ಮೆಸೇಜು ಬಂದರೆ, ಈ ನಾಲ್ಕು ಸಾಲನ್ನು ಕಾಪಿ ಮಾಡಿ ಉತ್ತರವಾಗಿ ಹಾಕಿ:

"ಸೋಲಾರ್ ಪ್ಯಾನಲ್ ಗಾಜಿನಲ್ಲಿ ಆಂಟಿಮನಿ ಇರುವುದು ನಿಜ. ಅದು ಬಳೆಯ ಬಣ್ಣದಂತೆ ಗಾಜಿನೊಳಗೇ ಇರುತ್ತದೆ, ಮಳೆನೀರಿಗೆ ಇಳಿದು ಕಾಯಿಲೆ ತರುವುದಿಲ್ಲ. ಹಳೆಯ ಪ್ಯಾನಲ್ ಒಡೆದು ಪುಡಿಮಾಡಿ ಸುರಿದರೆ ಮಣ್ಣಿಗೆ, ನೀರಿಗೆ ತೊಂದರೆ, ಅದನ್ನು ಗುಜರಿಗೆ ಕೊಡಬೇಡಿ. ಆಂಟಿಮನಿ ಇಲ್ಲದ ಗಾಜು ನಮ್ಮ ದೇಶದಲ್ಲೇ ತಯಾರಾಗುತ್ತಿದೆ, ಹೊಸದು ಹಾಕಿಸುವಾಗ ಕೇಳಿ ಪಡೆಯಿರಿ."